ಗಿಟಾರಿನವರ ನಡುವೆ ನಾನು ನಕ್ಕಿದ್ದು

ನನಗೆ ಕಿವಿ ಕೇಳುವುದಿಲ್ಲ. ಈಗ ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತೇನೆ, ಆದರೆ ಎಷ್ಟೋ ವರ್ಷ ಈ ಮಾತು ಬಾಯಿಂದ ಹೊರಬೀಳದ ಹಾಗೆ ಕಾದುಕೊಂಡು ಬದುಕಿದವನು ನಾನು. ಅದಕ್ಕೆ ಕಾರಣವೂ ಇತ್ತು. ಬಣಕಲ್ಲಿನ ರಸ್ತೆಬದಿಯಲ್ಲಿ ಕೂತು ನಾನು ಮಾಡುತ್ತಿದ್ದದ್ದು ಗಿಟಾರು ರಿಪೇರಿ. ಕಿವುಡ ಶ್ರುತಿ ಮಾಡಿಕೊಟ್ಟ ಗಿಟಾರನ್ನು ಯಾವ ಪುಣ್ಯಾತ್ಮ ಮನೆಗೆ ತೆಗೆದುಕೊಂಡು ಹೋಗುತ್ತಾನೆ ಹೇಳಿ?

ಚಿಕ್ಕಂದಿನಿಂದಲೂ ಕಿವಿ ಸೋರುತ್ತಿತ್ತು. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು, ಹತ್ತಿ ಇಡುತ್ತಿದ್ದಳು, ಮಾರನೆಯ ದಿನ ಮತ್ತೆ ಸೋರುತ್ತಿತ್ತು. ದೊಡ್ಡವನಾದ ಮೇಲೆ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕೆ ಸೇರಿದೆ. ಒಣಗಿದ ಕಾಫಿ ಬೀಜದ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ಬಿಡಿಸುವ ಹಲ್ಲರ್ ಮೆಷೀನಿನ ಪಕ್ಕದಲ್ಲೇ ನನ್ನ ಜಾಗ. ಅದರ ಅಬ್ಬರದಲ್ಲಿ ಅಲ್ಲಿ ಯಾರೂ ಬಾಯಲ್ಲಿ ಮಾತಾಡುತ್ತಿರಲಿಲ್ಲ. ಕೈಸನ್ನೆ, ಹುಬ್ಬು, ತುಟಿ, ಇಷ್ಟರಲ್ಲೇ ಎಲ್ಲ ನಡೆಯುತ್ತಿತ್ತು. ಹಾಗಾಗಿ ನಾನು ಕಿವುಡನಾಗುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಉಳಿದಿದ್ದ ಚೂರುಪಾರು ಕಿವಿಯೂ ಹೋಗಿತ್ತು. ಡಾಕ್ಟರು ಕಿವಿಗೆ ಕೇಳಿಸುವ ಮೆಷೀನು ಹಾಕಿಕೊಳ್ಳಿ ಎಂದರು. ಸೋರುವ ಕಿವಿಯಲ್ಲಿ ಅದು ನಿಲ್ಲುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಅದು ಹೊರಗೆ ಕಾಣುತ್ತದಲ್ಲ, ಅದು ನನಗೆ ಬೇಕಿರಲಿಲ್ಲ.

ತುಟಿ ನೋಡಿ ಮಾತು ತಿಳಿಯುವ ವಿದ್ಯೆಯನ್ನು ಹಲ್ಲರ್ ಶೆಡ್ಡು ಕಲಿಸಿತ್ತು. ಎದುರಿಗೆ, ಬೆಳಕಿನಲ್ಲಿ ಒಬ್ಬರೇ ನಿಂತು ಮಾತಾಡಿದರೆ ಮುಕ್ಕಾಲು ಪಾಲು ಸಿಗುತ್ತದೆ. ಮಿಕ್ಕ ಕಾಲು ಭಾಗಕ್ಕೆ ತಲೆಯಾಡಿಸುವುದು. ಎದುರಿನವರು ನಕ್ಕರೆ ನಗುವುದು, ಅವರು ಮುಖ ಸಪ್ಪೆ ಮಾಡಿದರೆ ಅಯ್ಯೋ ಪಾಪ ಎನ್ನುವುದು. ಇದರಲ್ಲಿ ನಾನು ಎಂಥ ಪಳಗಿದವನು ಎಂದರೆ, ಸಂಸೆಯಲ್ಲೊಂದು ಹೆಣ್ಣು ನೋಡಲು ಹೋದಾಗ ಅವರಿಗೆ ಏನೂ ಗೊತ್ತಾಗಲಿಲ್ಲ. ಆ ಹುಡುಗಿ ತಲೆ ತಗ್ಗಿಸಿಕೊಂಡು ಏನೋ ಕೇಳಿದಳು. ಕಾಫಿಗೆ ಸಕ್ಕರೆ ಸರಿಯಾಗಿದೆಯಾ ಎಂದಿರಬೇಕು ಎಂದುಕೊಂಡು, ‘ಸ್ವಲ್ಪ ಜಾಸ್ತಿ ಆಯ್ತು, ಆದ್ರೂ ಪರವಾಗಿಲ್ಲ’ ಎಂದೆ. ಅವಳು ಕೇಳಿದ್ದು, ನಾನು ಟೀಚರ್ ಕೆಲಸ ಮುಂದುವರಿಸಬಹುದಾ ಎಂದು. ಹುಡುಗನಿಗೆ ಕೊಬ್ಬು ಎಂದು ಅವರ ಕಡೆಯವರು ಹೇಳಿ ಕಳಿಸಿದರು. ಕಿವುಡ ಎನ್ನಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಎಂಥ ಸಮಾಧಾನವೋ ಅದು! ಆಮೇಲೆ ನಾನು ಯಾವ ಹೆಣ್ಣನ್ನೂ ನೋಡಲು ಹೋಗಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಕೆಲಸ ಬಿಟ್ಟು ಬಣಕಲ್ಲಿಗೆ ಅಣ್ಣನ ಮನೆಗೆ ಬಂದೆ. ರಸ್ತೆಗೆ ತಾಗಿದ ಮುಂದಿನ ಕೋಣೆಯಲ್ಲಿ ಕುರ್ಚಿ, ಕೊಡೆ, ಔಷಧಿ ಹೊಡೆಯುವ ಸ್ಪ್ರೇಯರು, ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ತಮ್ಮ ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು. ತಂತಿ ಕಟ್ಟುವ ಬ್ರಿಜ್ಜು ಥಂಡಿಗೆ ಎದ್ದು ಕೈಗೆ ಬಂದಿತ್ತು. ಅಂಟಿಸಿ, ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜದ ಚೀಲಗಳ ನಡುವೆ ಒಂದು ವಾರ ಹೂತಿಟ್ಟೆ. ಹದವಾಗಿ ಒಣಗಿದ ಪಾರ್ಚ್‌ಮೆಂಟು ಸುತ್ತಲಿನ ಥಂಡಿಯನ್ನೆಲ್ಲ ಹೀರುತ್ತದೆ, ಇದು ಕಾಫಿಯವರಿಗೆಲ್ಲ ಗೊತ್ತಿದ್ದದ್ದೇ. ಬ್ರಿಜ್ಜು ಕಲ್ಲಿನ ಹಾಗೆ ಕೂತಿತು. ಅಲ್ಲಿಂದ ಶುರುವಾಯಿತು ನೋಡಿ, ಮೂಡಿಗೆರೆ ಕಡೆಯ ಆರ್ಕೆಸ್ಟ್ರಾದವರು, ಚರ್ಚಿನಲ್ಲಿ ಹಾಡುವವರು, ಕಾನ್ವೆಂಟಿನ ಮೇಷ್ಟ್ರು ಎಲ್ಲರೂ ಬಂದರು. ಎರಡು ಸಾವಿರದ ಇಸವಿ ಕಳೆದ ಮೇಲೆ ಹೋಮ್‌ಸ್ಟೇಗಳು ಎದ್ದವಲ್ಲ, ಅಲ್ಲಿ ಪ್ರತಿ ಗೋಡೆಗೂ ಒಂದು ಗಿಟಾರು. ಬಂದ ಟೂರಿಸ್ಟರು ಅದನ್ನು ಕ್ಯಾಂಪ್‌ಫೈರಿನ ಪಕ್ಕ ಇಟ್ಟು ಸುಟ್ಟ ಹಪ್ಪಳ ಮಾಡಿ ಹೋಗುತ್ತಿದ್ದರು. ಅವೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು.

ಕಿವಿ ಇಲ್ಲದೆ ಶ್ರುತಿ ಹೇಗೆ ಎಂದು ಕೇಳುತ್ತೀರಿ. ಹಲ್ಲಿನಿಂದ. ಎರಡು ಕೈಯಲ್ಲೂ ಕೆಲಸ ಇದ್ದ ಒಂದು ದಿನ ಗಿಟಾರಿನ ತಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಮೊಣಕೈ ತಾಗಿ ದಪ್ಪ ತಂತಿ ಮಿಡಿಯಿತು. ಅಬ್ಬಬ್ಬ! ತಲೆಬುರುಡೆಯೊಳಗೆ ಯಾರೋ ಬಾಗಿಲು ತೆಗೆದ ಹಾಗಾಯಿತು. ಎಷ್ಟು ವರ್ಷವಾಗಿತ್ತೋ ಅಂಥ ಒಂದು ಶಬ್ದ ಪೂರ್ತಿಯಾಗಿ ನನ್ನೊಳಗೆ ಬಂದು. ನಾನು ಆ ತಂತಿಯನ್ನು ಮತ್ತೆ ಮತ್ತೆ ಮಿಡಿದೆ, ಅಳು ಬಂತು, ಅತ್ತೆ. ಅತ್ತಿಗೆ ಬಂದು ಬಾಗಿಲಲ್ಲಿ ನಿಂತು, ‘ಎಂತ ಆಯ್ತು ನಿಂಗೆ? ಹಲ್ಲು ನೋವಾ?’ ಎಂದರು. ಹೌದು ಎಂದೆ.

ಅಂದಿನಿಂದ ಶ್ರುತಿ ಮಾಡುವಾಗ ಪರದೆ ಎಳೆದುಕೊಳ್ಳುತ್ತಿದ್ದೆ. ಒಂದು ಸಲ ಆರ್ಕೆಸ್ಟ್ರಾದವನೊಬ್ಬ ತನ್ನ ಗಿಟಾರಿನ ತಲೆಯ ಮೇಲಿನ ಗುರುತು ನೋಡಿ, ‘ಇದೆಂತದು ಮಾರಾಯ, ಇಲಿ ಕಡಿದ ಹಾಗಿದೆ?’ ಎಂದ. ಮಳೆಗಾಲ ಅಲ್ಲವಾ, ಇಲಿ ಕಾಟ ಎಂದೆ. ಆಮೇಲೆ ಕಚ್ಚುವ ಕಡೆ ತೆಳುವಾದ ಬಟ್ಟೆ ಇಟ್ಟುಕೊಳ್ಳಲು ಕಲಿತೆ.

ಹೀಗೆ ಹೊಟ್ಟೆಪಾಡು ನಡೆಯುತ್ತಿತ್ತು. ಆದರೆ ನನ್ನ ಕೆಲಸದ ಬಗ್ಗೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಅಣ್ಣನಿಗೆ ಮೆಣಸು, ಕಾಫಿ, ಆಳುಗಳ ಚಿಂತೆ. ಗಿಟಾರಿನ ಕತ್ತು ಬಾಗಿದರೆ ಹೇಗೆ ನೆಟ್ಟಗೆ ಮಾಡುವುದು, ಯಾವ ಅಂಟು ಈ ಮಳೆಗೆ ನಿಲ್ಲುತ್ತದೆ, ಸಿಲ್ವರ್ ಓಕಿನ ಹಲಗೆ ಕೆಲಸಕ್ಕೆ ಬರುತ್ತದೋ ಇಲ್ಲವೋ, ಇದನ್ನೆಲ್ಲ ಯಾರ ಹತ್ತಿರ ಹೇಳುವುದು? ಕೆಲವೊಮ್ಮೆ ಗಿಟಾರಿಗೇ ಹೇಳುತ್ತಿದ್ದೆ. ಹುಚ್ಚು ಎಂದುಕೊಳ್ಳಿ, ಬೇಜಾರಿಲ್ಲ.

ಆಗ ಬಂದದ್ದು ಆ ಕೂಟದ ಸುದ್ದಿ. ಮೂಡಿಗೆರೆ ಹತ್ತಿರದ ಎಸ್ಟೇಟಿನ ಯಜಮಾನರೊಬ್ಬರು, ಗಿಟಾರಿನ ಹುಚ್ಚಿದ್ದವರು, ಜೀಪು ನಿಲ್ಲಿಸಿ ಕೋಣೆಗೆ ಬಂದರು. ತೋಟದಲ್ಲಿ ಆಳುಗಳನ್ನು ಕೂಗಿ ಕರೆದು ಅಭ್ಯಾಸವಾದ ಬಾಯಿ, ಅಗಲವಾಗಿ ತೆರೆದು ಮಾತಾಡುತ್ತಿದ್ದರು, ನನಗೆ ಅವರ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಮಂಗಳೂರು, ಹಾಸನ, ಶಿವಮೊಗ್ಗ, ಪುತ್ತೂರು ಕಡೆಯಿಂದೆಲ್ಲ ಗಿಟಾರು ಮಾಡುವವರು, ರಿಪೇರಿಯವರು ಬರುತ್ತಾರೆ, ತಮ್ಮ ಎಸ್ಟೇಟಿನಲ್ಲಿ ಎರಡು ದಿನ, ಒಬ್ಬರಿಂದೊಬ್ಬರು ಕಲಿಯುವುದು ಎಂದರು.

‘ಒಂದೇ ಕಂಡೀಷನ್ನು. ಪ್ರತಿಯೊಬ್ಬರೂ ಎರಡು ಹೇಳ್ಬೇಕು. ತಾನು ಕಲಿತದ್ದು ಒಂದು, ತಾನು ಕೆಡಿಸಿದ್ದು ಒಂದು. ಬರೀ ಬಡಾಯಿ ಕೊಚ್ಚೋಕೆ ಅವಕಾಶ ಇಲ್ಲ. ನೀವು ಬರ್ಲೇಬೇಕು, ಗೊತ್ತಾಯ್ತಾ?’

ಹೋಗುವುದೋ ಬೇಡವೋ ಎಂದು ಎಷ್ಟು ದಿನ ಒದ್ದಾಡಿದೆನೋ. ಹೋದರೆ ಕಿವಿಯ ವಿಷಯ ಬಯಲಾಗುತ್ತದೆ. ಹೋಗದಿದ್ದರೆ ನನ್ನ ಜಾತಿಯ ಜನ, ಅಂದರೆ ಗಿಟಾರಿನ ಹೊಟ್ಟೆಯೊಳಗೆ ಕೈ ಹಾಕಿದ ಜನ, ಇಷ್ಟು ಹತ್ತಿರ ಬಂದೂ ಸಿಗದೆ ಹೋಗುತ್ತಾರೆ. ಆಸೆ ಗೆದ್ದಿತು. ಒಂದು ಚೀಲ ಪಾರ್ಚ್‌ಮೆಂಟು ಹೊತ್ತುಕೊಂಡು ಬಸ್ಸು ಹತ್ತಿದೆ. ಇದೇ ನಾನು ಕಲಿತದ್ದು ಎಂದು ಹೇಳುವುದು, ಸುಟ್ಟ ಹೋಮ್‌ಸ್ಟೇ ಗಿಟಾರೊಂದರ ಕತೆಯನ್ನು ಕೆಡಿಸಿದ್ದು ಎಂದು ಹೇಳುವುದು, ಕಿವಿಯ ಸುದ್ದಿ ಎತ್ತುವುದೇ ಬೇಡ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ.

ಕುಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾಗಿದ್ದ ಸಮಯ. ಹೂಮಳೆ ಒಂದು ಬಂದು ಹೋಗಿತ್ತು, ತೋಟವೆಲ್ಲ ಬೆಳ್ಳಗೆ ಹೂವಾಗಿ ಆ ವಾಸನೆಗೆ ತಲೆ ತಿರುಗುತ್ತಿತ್ತು. ಕಣದ ಪಕ್ಕದ ಗೋಡೌನಿನಲ್ಲಿ ಜಮಖಾನ ಹಾಸಿದ್ದರು. ಬೆಳಗಿನ ಹೊತ್ತು ಕೈಕೆಲಸ. ಮಂಗಳೂರು ಕಡೆಯ ವಯಸ್ಸಾದ ಒಬ್ಬರು, ಪಂಚೆ ಉಟ್ಟು ಎಲೆ ಅಡಿಕೆ ಹಾಕಿಕೊಂಡು, ಕುಕ್ಕರಿನ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ ಆ ಹಬೆಯಿಂದಲೇ ಗಿಟಾರಿನ ಕತ್ತನ್ನು ಮೈಯಿಂದ ಬಿಡಿಸಿ ತೋರಿಸಿದರು. ನೋಡಿ ಕಲಿಯುವ ಕೆಲಸಕ್ಕೆ ಕಿವಿ ಏನು ಮಾಡಬೇಕು? ನಾನು ಅವರ ಕೈಯನ್ನೇ ನುಂಗುವ ಹಾಗೆ ನೋಡಿದೆ. ನನ್ನ ಪಾರ್ಚ್‌ಮೆಂಟು ಚೀಲದೊಳಗೆ ಕೈ ಹಾಕಿ ಅವರು, ‘ಇದು ಒಳ್ಳೇ ಉಪಾಯ ಮಾರಾಯ್ರೆ, ನಮ್ಮ ಸಮುದ್ರದ ಗಾಳಿಗೆ ಅಕ್ಕಿ ಇಟ್ಟು ಇಟ್ಟು ಸಾಕಾಯ್ತು’ ಎಂದು ಬೆನ್ನು ತಟ್ಟಿದರು. ನನ್ನ ಕೆಲಸಕ್ಕೆ ಬೆನ್ನು ತಟ್ಟಿದ ಮೊದಲ ಕೈ ಅದು. ಊಟಕ್ಕೆ ಕೂತಾಗಲೂ ನನಗೆ ಅದೇ ಗುಂಗು.

ಮಧ್ಯಾಹ್ನ ಕತೆ ಬೇರೆಯಾಯಿತು. ಎಲ್ಲರೂ ಸುತ್ತ ಕೂತು ತಾವು ಕೆಡಿಸಿದ್ದನ್ನು ಹೇಳುವ ಸರದಿ. ಹತ್ತು ಹನ್ನೆರಡು ಜನ, ಮಾತು ಇಲ್ಲಿಂದ ಅಲ್ಲಿಗೆ ಹಾರುತ್ತದೆ, ನಾನು ಒಂದು ತುಟಿ ಹಿಡಿಯುವಷ್ಟರಲ್ಲಿ ಇನ್ನೊಂದು ತುಟಿ ಮಾತು ಮುಗಿಸಿರುತ್ತದೆ. ಗೋಡೌನಿನ ಕಿಟಕಿಯೂ ಸಣ್ಣದು, ಮುಖಗಳೆಲ್ಲ ಕತ್ತಲು. ಎಲ್ಲರ ಬಾಯಿ ಆಡುತ್ತಿದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ನನಗೆ ಒಂದಕ್ಷರ ಇಲ್ಲ. ಬಣಕಲ್ಲಿನಲ್ಲಿ ಯಾರೂ ಇಲ್ಲವಲ್ಲ ಎಂದು ಒಂಟಿಯಾಗಿದ್ದೆ, ಅದನ್ನು ಹೇಗೋ ತಡೆದುಕೊಳ್ಳಬಹುದು. ನನ್ನವರ ನಡುವೆಯೇ ಕೂತು, ನಾನು ಇಷ್ಟು ವರ್ಷ ಕಾದ ಮಾತುಗಳೆಲ್ಲ ಕಣ್ಣೆದುರೇ ಹಾದು ಹೋಗುವುದನ್ನು ನೋಡುವುದಿದೆಯಲ್ಲ, ಅಂಥ ಸಂಕಟ ನನ್ನ ಶತ್ರುವಿಗೂ ಬೇಡ. ಆದರೂ ಅವರು ನಕ್ಕಾಗ ನಗುತ್ತಾ ಕೂತಿದ್ದೆ.

ಹಾಸನದಿಂದ ಬಂದ ಒಬ್ಬರ ಸರದಿ ಬಂತು. ಸೌಮ್ಯ ಮನುಷ್ಯ, ಬೆಳಗಿನಿಂದ ಯಾರೊಂದಿಗೂ ಹೆಚ್ಚು ಬೆರೆತಿರಲಿಲ್ಲ. ಅವರ ಮೀಸೆ ಎಂದರೆ ಮೀಸೆ, ಮೇಲ್ತುಟಿಯನ್ನು ಪೂರ್ತಿ ಮುಚ್ಚಿ ಕೆಳತುಟಿಗೂ ಬೇಲಿ ಹಾಕಿದಂಥ ಮೀಸೆ. ಅಂಥವರ ಮಾತು ನನ್ನ ಪಾಲಿಗೆ ಮುಚ್ಚಿದ ಬಾಗಿಲು. ಅವರು ತೊಡೆಯ ಮೇಲೆ ಒಂದು ಗಿಟಾರು ಇಟ್ಟುಕೊಂಡು, ಅದರ ಮುಂದಿನ ಹಲಗೆಯ ಮೇಲಿದ್ದ ಬಿರುಕಿನ ಗುರುತು ಸವರುತ್ತಾ ಮಾತಾಡಿದರು. ಅವರಿಗಿಂತ ಮುಂಚೆ ಪುತ್ತೂರಿನವರು ಹೇಳಿದ ಕತೆಗೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಆ ನಗು ಇನ್ನೂ ಕೆಲವರ ಮುಖದಲ್ಲಿ ಉಳಿದಿತ್ತು. ಹಾಸನದವರು ಒಂದು ಕಡೆ ಮಾತು ನಿಲ್ಲಿಸಿದರು. ಅವರ ಕೆನ್ನೆ ಅದುರಿತು. ಮೀಸೆಯ ಕೆಳಗೆ ಅದು ನಗುವಿನ ಹಾಗೇ ಕಂಡಿತು. ಕತೆಯ ತಮಾಷೆ ಬಂತು ಎಂದುಕೊಂಡು ನಾನು ನಕ್ಕುಬಿಟ್ಟೆ. ಸುಮ್ಮನೆ ಅಲ್ಲ, ಉಳಿದವರಿಗಿಂತ ಹಿಂದೆ ಬೀಳಬಾರದೆಂದು ಗಟ್ಟಿಯಾಗಿ ನಕ್ಕೆ.

ಯಾರೂ ನಗಲಿಲ್ಲ. ಎಲ್ಲರ ಮುಖ ನನ್ನ ಕಡೆ ತಿರುಗಿತು. ಹಾಸನದವರು ನನ್ನನ್ನು ಒಂದು ಸಲ ನೋಡಿದರು, ಗಿಟಾರನ್ನು ಚೀಲಕ್ಕೆ ಹಾಕಿ, ಎದ್ದು ಹೊರಗೆ ಹೋದರು.

ಮಂಗಳೂರು ಕಡೆಯವರು ನನ್ನ ಭುಜ ಹಿಡಿದು ತಿರುಗಿಸಿ, ಮುಖಕ್ಕೆ ಮುಖ ಕೊಟ್ಟು ಕೇಳಿದರು.

‘ನಿಮಗೆ ಮಂಡೆ ಸಮ ಇಲ್ವಾ ಮಾರಾಯ್ರೆ? ಅವರ ತಮ್ಮ ಸತ್ತದ್ದನ್ನು ಹೇಳುವಾಗ ನೀವು ನಗುದಾ?’

ಆಗಲಾದರೂ ಹೇಳಬಹುದಿತ್ತು. ನನಗೆ ಕೇಳಿಸಲಿಲ್ಲ, ತಪ್ಪಾಯಿತು, ಇಷ್ಟೇ. ನನ್ನ ಹಾಳು ಬಾಯಿಂದ ಬಂದದ್ದು ಬೇರೆ. ‘ನಗು ಬಂತು, ನಕ್ಕೆ! ಅದಕ್ಕೂ ನಿಮ್ಮನ್ನ ಕೇಳ್ಬೇಕಾ?’ ಎಂದೆ. ಅವರು ಕೈ ತೆಗೆದರು. ಕಿವುಡ ಎನಿಸಿಕೊಳ್ಳುವುದಕ್ಕಿಂತ ಕಟುಕ ಎನಿಸಿಕೊಳ್ಳುವುದೇ ವಾಸಿ ಎಂದು ನನಗೆ ಆ ಗಳಿಗೆಯಲ್ಲಿ ಅನ್ನಿಸಿತ್ತು.

ಆ ದಿನ ಸಂಜೆಯವರೆಗೆ ನನ್ನ ಪಕ್ಕ ಯಾರೂ ಕೂರಲಿಲ್ಲ. ಖಾಲಿ ಕಣದ ಮೂಲೆಯಲ್ಲಿ ನಾನೊಬ್ಬನೇ ಕೂತು, ಗೋಡೌನಿನೊಳಗೆ ಅವರು ಗಿಟಾರು ಬಾರಿಸುವುದನ್ನು ಕೈಗಳ ಅಲುಗಾಟದಲ್ಲಿ ನೋಡಿದೆ. ಹಾಸನದವರು ಕಣದ ಆ ಕೊನೆಯಲ್ಲಿ ಬೇಲಿಗೆ ಒರಗಿ ನಿಂತಿದ್ದರು. ಹೋಗಿ ಮಾತಾಡಿಸಲೇ ಎಂದು ಎದ್ದೆ. ಏನೆಂದು ಹೇಳುವುದು? ಅವರು ಉತ್ತರ ಕೊಟ್ಟರೆ ಆ ಮೀಸೆಯಿಂದ ನನಗೆ ಏನು ತಿಳಿಯುತ್ತದೆ? ಮತ್ತೆ ಎಡವಟ್ಟಾದರೆ? ಕೂತುಬಿಟ್ಟೆ.

ಮಾರನೆಯ ಬೆಳಗ್ಗೆ ನನ್ನ ಸರದಿ. ಎಸ್ಟೇಟಿನ ಯಜಮಾನರು ನನ್ನ ಕಡೆ ಕೈ ತೋರಿಸಿದರು. ಎದ್ದು ನಿಂತಾಗ ಹಾಸನದವರು ಬಾಗಿಲ ಹತ್ತಿರ, ಹೊರಡುವವರ ಹಾಗೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದದ್ದು ಕಾಣಿಸಿತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಪಾಠವೆಲ್ಲ ತಲೆಯಿಂದ ಹಾರಿಹೋಯಿತು.

‘ನಂಗೆ ಕಿವಿ ಕೇಳಲ್ಲ’ ಎಂದೆ. ‘ನಿನ್ನೆ ಇವರು ಹೇಳಿದ್ದು ಒಂದಕ್ಷರ ನಂಗೆ ಗೊತ್ತಾಗಿಲ್ಲ. ನೀವೆಲ್ಲ ನಗ್ತಿದ್ರಿ, ನಾನೂ ನಗ್ತಿದ್ದೆ. ಅಲ್ಲೂ ನಗಬೇಕು ಅಂತ ಅಂದ್ಕೊಂಡೆ. ನಾನು ಕೆಡಿಸಿದ್ದು ಅಂದ್ರೆ ಅದೇ.’

ನನ್ನ ದನಿ ಎಷ್ಟು ಜೋರಾಗಿತ್ತೋ ಮೆಲ್ಲಗಿತ್ತೋ ನನಗೆ ಗೊತ್ತಿಲ್ಲ. ಹಾಗಾದರೆ ಶ್ರುತಿ ಹೇಗೆ ಎಂದು ಯಜಮಾನರು ಕೇಳಿದರು. ಮಂಗಳೂರಿನವರು ತಮ್ಮ ಗಿಟಾರನ್ನು ನನ್ನ ಕೈಗೆ ಕೊಟ್ಟರು. ಕಿಸೆಯಿಂದ ಬಟ್ಟೆ ತೆಗೆದು ಅದರ ತಲೆಗೆ ಸುತ್ತಿ ಕಚ್ಚಿದೆ. ಅವರು ಬೇಕೆಂದೇ ಎಲ್ಲ ತಂತಿಯನ್ನೂ ಸಡಿಲ ಮಾಡಿ ಕೊಟ್ಟಿದ್ದರು. ಒಂದೊಂದಾಗಿ ತಿರುಪಿ ಕೂರಿಸಿ ವಾಪಸು ಕೊಟ್ಟೆ. ಮಿಡಿದು ನೋಡಿ ಅವರು ಹುಬ್ಬೇರಿಸಿದರು. ಆಮೇಲೆ ಅವರೂ ತಲೆ ಕಚ್ಚಿ ಮಿಡಿದರು. ಕಣ್ಣು ಅಷ್ಟಗಲವಾಯಿತು. ‘ಎಂಥ ಅವಸ್ಥೆ ಇದು! ಮಂಡೆಯ ಒಳಗೇ ಬಾರಿಸಿದ ಹಾಗೆ ಆಗ್ತದೆ!’ ಎಂದು ಪಕ್ಕದವರಿಗೆ ದಾಟಿಸಿದರು. ನೋಡನೋಡುತ್ತಾ ಎಲ್ಲರ ಬಾಯಲ್ಲೂ ಒಂದೊಂದು ಗಿಟಾರು. ಜೋಳದ ತೆನೆ ಕಚ್ಚಿದ ಮಂಗಗಳ ಹಿಂಡು ಕೂತ ಹಾಗೆ. ಎಲ್ಲರೂ ನಗುತ್ತಿದ್ದರು, ಈ ಸಲ ಯಾಕೆ ನಗುತ್ತಿದ್ದೇನೆಂದು ಗೊತ್ತಿದ್ದೇ ನಾನೂ ನಕ್ಕೆ.

ಹಾಸನದವರು ಮಾತ್ರ ಗಿಟಾರು ಕಚ್ಚಲಿಲ್ಲ. ಬಾಗಿಲಿನಿಂದ ನನ್ನ ಕಡೆ ಎರಡು ಹೆಜ್ಜೆ ಬಂದು ಏನೋ ಹೇಳಿದರು. ಮೀಸೆ ಅಲುಗಿತು, ಅಷ್ಟೇ. ಇವರು ಏನೆಂದರು ಎಂದು ಕೇಳೋಣವೆಂದು ತಿರುಗಿದರೆ ಎಲ್ಲರ ಹಲ್ಲಿನಲ್ಲೂ ಮರ, ಯಾರೂ ಈ ಕಡೆ ನೋಡುತ್ತಿರಲಿಲ್ಲ. ಮತ್ತೆ ತಿರುಗುವಷ್ಟರಲ್ಲಿ ಅವರು ಕಣ ದಾಟಿ ಜೀಪಿನ ದಾರಿ ಹಿಡಿದಿದ್ದರು.

ಊರಿಗೆ ಬಂದ ಮೇಲೆ ನಾನು ಹೆದರಿದ್ದದ್ದೇ ಆಯಿತು. ಕೂಟದಲ್ಲಿ ನಡೆದದ್ದು ತಮಾಷೆಯಾಗಿ ಬಾಯಿಂದ ಬಾಯಿಗೆ ಹರಡಿತು. ಕಿವುಡನ ಹತ್ತಿರ ಶ್ರುತಿಗೆ ಕೊಡುವುದಾ ಎಂದು ಆರ್ಕೆಸ್ಟ್ರಾದವರು ಚಿಕ್ಕಮಗಳೂರಿನ ಅಂಗಡಿಗೆ ಹೋಗತೊಡಗಿದರು. ನನ್ನ ಹಲ್ಲಿನ ಶ್ರುತಿ ಒಂದು ಕೂದಲೆಳೆ ತಪ್ಪಿರಲಿಲ್ಲ, ಆದರೆ ಜನಕ್ಕೆ ಕಿವಿ ಬೇಕು. ಹೋಮ್‌ಸ್ಟೇಯವರಿಗೆ ಇದೆಲ್ಲ ಬೇಕಿರಲಿಲ್ಲವಾದ್ದರಿಂದ ಅನ್ನಕ್ಕೆ ತೊಂದರೆಯಾಗಲಿಲ್ಲ. ಮುಂದಿನ ವರ್ಷ ಕೂಟ ಹಾಸನದ ಹತ್ತಿರ ಎಲ್ಲೋ ಸೇರಿತಂತೆ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತ್ತು, ಎಲ್ಲರೂ ಫೋನಿನಲ್ಲೇ ಒಬ್ಬರನ್ನೊಬ್ಬರು ಕರೆದುಕೊಂಡರಂತೆ. ಮೊಬೈಲು ಹಿಡಿದುಕೊಂಡು ನಾನೇನು ಮಾಡಲಿ, ಹಲ್ಲಿನಲ್ಲಿ ಕಚ್ಚಲಾ? ಕೂಟ ನಡೆದದ್ದು ನನಗೆ ತಿಳಿದದ್ದೇ ಅದು ಮುಗಿದ ಮೇಲೆ, ಆ ಕಡೆ ಹೋಗಿದ್ದ ಯಜಮಾನರ ಡ್ರೈವರಿನಿಂದ. ನೀವು ಯಾಕೆ ಬರಲಿಲ್ಲ ಎಂದು ಅವನು ಕೇಳಿದ. ಕೆಲಸ ಇತ್ತು ಎಂದೆ. ಅವನು ಹೋದ ಮೇಲೆ ಪರದೆ ಎಳೆದುಕೊಂಡು ಸಂಜೆಯವರೆಗೂ ಕೂತಿದ್ದೆ. ಅತ್ತಿಗೆ ಊಟಕ್ಕೆ ಕರೆದಿರಬೇಕು, ನನಗೆ ಕೇಳಲಿಲ್ಲ. ಹಸಿವೂ ಇರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಕೊಡೆ ಮಡಚುತ್ತಾ ಒಬ್ಬರು ಕೋಣೆಯೊಳಗೆ ಬಂದರು. ಹೆಗಲಲ್ಲಿ ಪ್ಲಾಸ್ಟಿಕ್ ಸುತ್ತಿದ ಗಿಟಾರು. ಯಾರೋ ಹೊಸಬರು ಎಂದುಕೊಂಡು ಏನಾಗಿದೆ ಎಂದು ಕೇಳಿದೆ. ಅವರು ಪ್ಲಾಸ್ಟಿಕ್ಕು ಬಿಚ್ಚಿ ಗಿಟಾರು ನನ್ನ ಮುಂದಿಟ್ಟರು. ಹಲಗೆಯ ಮೇಲಿನ ಆ ಬಿರುಕಿನ ಗುರುತು ನೋಡಿದ ಮೇಲೆಯೇ ನಾನು ತಲೆಯೆತ್ತಿ ಅವರ ಮುಖವನ್ನು ಸರಿಯಾಗಿ ನೋಡಿದ್ದು. ಹಾಸನದವರು. ಮೀಸೆ ಇರಲಿಲ್ಲ. ನುಣ್ಣಗೆ ಬೋಳಿಸಿದ್ದ ಮೇಲ್ತುಟಿ ಉಳಿದ ಮುಖಕ್ಕಿಂತ ಬೆಳ್ಳಗಿತ್ತು, ಎಷ್ಟೋ ವರ್ಷ ಬಿಸಿಲು ಕಾಣದ ಚರ್ಮ. ಕುರ್ಚಿ ಎಳೆದುಕೊಟ್ಟೆ. ಅವರು ಅದನ್ನು ಎತ್ತಿ ಕಿಟಕಿಯ ಹತ್ತಿರ, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಇಟ್ಟುಕೊಂಡು ಕೂತರು.

‘ಗಿಟಾರಿಗೇನೂ ಆಗಿಲ್ಲ ಕಣ್ರೀ’ ಎಂದರು. ‘ಅವತ್ತು ಹೇಳಿದ್ದು ನಿಮಗೆ ಕೇಳಿಸ್ಲಿಲ್ಲವಲ್ಲ. ಅದನ್ನೇ ಹೇಳ್ಬೇಕು ಅಂತ ಬಂದೆ.’

ಅವರು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಗಿಟಾರು ತಮ್ಮನದ್ದು. ಅವನು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ಕಾಯಿಲೆ ಬಿದ್ದು ಹಾಸಿಗೆ ಹಿಡಿದ, ಬೆರಳಿನಲ್ಲಿ ಬಲ ಇಲ್ಲದೆ ತಂತಿ ಒತ್ತಲು ಆಗುತ್ತಿರಲಿಲ್ಲ. ತಂತಿ ಸ್ವಲ್ಪ ಇಳಿಸಿಕೊಡು, ಮಲಗಿಕೊಂಡೇ ಬಾರಿಸುತ್ತೇನೆ ಎಂದು ಕೇಳಿದನಂತೆ. ಸಣ್ಣ ಕೆಲಸ. ಬ್ರಿಜ್ಜಿನ ಪಟ್ಟಿಯನ್ನು ಒಂದಿಷ್ಟು ತೇಯ್ದರೆ ಮುಗಿಯಿತು. ಆದರೆ ತಮ್ಮನಿಗೆ ಒಳ್ಳೆಯದನ್ನೇ ಕೊಡಬೇಕು ಎಂದು ಇವರು ಬ್ರಿಜ್ಜನ್ನೇ ಕಿತ್ತು ಹೊಸದು ಕೂರಿಸಲು ಹೋದರು. ಅಂಟು ಕೂರಲು ಒತ್ತಿ ಹಿಡಿಯುವ ಕ್ಲಾಂಪನ್ನು ಅವಸರದಲ್ಲಿ ಜಾಸ್ತಿ ಬಿಗಿದರು. ಹಲಗೆ ಉದ್ದಕ್ಕೂ ಸೀಳಿತು.

‘ಒಡ್ದೋಯ್ತು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ದಿನಾ ಕೇಳೋನು, ಆಯ್ತಾ ಅಣ್ಣ ಅಂತ. ನಾಳೆ ಅಂತಿದ್ದೆ. ಕೊನೇ ದಿನ ಆಸ್ಪತ್ರೇಲಿ ಕೇಳ್ದ, ಆಯ್ತಾ ಅಣ್ಣ ಅಂತ. ಆಯ್ತು ಕಣೋ ಅಂದೆ. ಆಗಿರ್ಲಿಲ್ಲ.’

ಅಲ್ಲಿ ಅವರು ನಿಲ್ಲಿಸಿದರು. ಕೆನ್ನೆ ಅದುರಿತು. ಈಗ ತುಟಿ ಬರಿದಾಗಿತ್ತು, ಅದು ನಗು ಅಲ್ಲ ಎಂದು ಯಾರಿಗಾದರೂ ಗೊತ್ತಾಗುವ ಹಾಗಿತ್ತು.

‘ಇಲ್ಲಿ ನೀವು ನಕ್ರಿ’ ಎಂದರು.

ನಾನು ಅತ್ತೆ. ಮುಖ ಮುಚ್ಚಿಕೊಳ್ಳೋಣವೆಂದರೆ ಅವರ ತುಟಿ ತಪ್ಪಿಹೋಗುತ್ತದೆ ಎಂದು ಅವರನ್ನು ನೋಡುತ್ತಲೇ ಅತ್ತೆ. ನಾನು ಕಣ್ಣೊರೆಸಿಕೊಳ್ಳುವವರೆಗೆ ಅವರು ಕಾದರು. ಆಮೇಲೆ, ಅವತ್ತು ಇದರ ಮುಂದಿನದು ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತೇನೆ ಎಂದರು. ತಿಥಿಯೆಲ್ಲ ಮುಗಿದ ಮೇಲೆ ಸೀಳನ್ನು ಅಂಟಿಸಿ, ಒಳಗಿನಿಂದ ಪಟ್ಟಿ ಕೊಟ್ಟು, ತಂತಿಯನ್ನು ಅವನು ಕೇಳಿದಷ್ಟೇ ಇಳಿಸಿ, ಶ್ರುತಿ ಮಾಡಿ ಅವನ ಮಂಚದ ಮೇಲೆ ಇಟ್ಟರಂತೆ.

‘ಮನೇಲಿ ಯಾರೂ ಇರ್ಲಿಲ್ಲ. ಈಗ ಆಯ್ತು ಕಣೋ, ತಗೋ ಅಂದೆ. ಗಟ್ಟಿಯಾಗೇ ಅಂದೆ. ಹುಚ್ಚು ಅಲ್ವಾ?’

ಅಲ್ಲ ಎಂದೆ. ಅತ್ತಿಗೆ ಕಾಫಿ ತಂದಿಟ್ಟರು, ಕುಡಿದೆವು. ಅವರು ಗಿಟಾರನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು, ನಾನು ಗಂಟು ಹಾಕಿಕೊಟ್ಟೆ. ಬಸ್ಸಿನ ಹೊತ್ತಾಗಿತ್ತು. ಇಬ್ಬರೂ ನನ್ನ ಕೊಡೆಯಲ್ಲೇ ಸ್ಟಾಪಿನವರೆಗೆ ಹೋದೆವು. ಮಳೆ ಅಂದರೆ ಮಳೆ, ಎದುರಿನ ಅಂಗಡಿಯೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಡೆಯುವವರ ತುಟಿ ನನಗೆ ಕಾಣುವುದಿಲ್ಲವಾದ್ದರಿಂದ ದಾರಿಯಲ್ಲಿ ಮಾತಿಲ್ಲ. ಬಸ್ಸು ಹತ್ತುವಾಗ, ‘ಮತ್ತೆ ಬನ್ನಿ, ಕೆಲಸ ಏನೂ ಇಲ್ಲದಿದ್ರೂ ಬನ್ನಿ’ ಎಂದೆ.

ಅವರು ಕಿಟಕಿ ಪಕ್ಕ ಕೂತು ನನ್ನ ಕಡೆ ತಿರುಗಿ ಏನೋ ಹೇಳಿದರು. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತ್ತು, ಹೊರಗಿನಿಂದ ನೀರು ಇಳಿಯುತ್ತಿತ್ತು, ಮುಖ ಇದೆ ಎಂದಷ್ಟೇ ಗೊತ್ತಾಗುತ್ತಿತ್ತು. ಬಸ್ಸು ಅಲುಗಿತು. ನಾನು ಕೊಡೆ ಬಿಟ್ಟು ಅದರ ಪಕ್ಕದಲ್ಲೇ ಓಡಿದೆ. ಬಣಕಲ್ಲಿನ ಪೇಟೆಯ ನಡುವೆ, ಅಂಗಡಿಯವರು, ಹೋಟೆಲಿನವರು, ಬಸ್ಸಿಗೆ ನಿಂತವರು ಎಲ್ಲರೂ ನೋಡುತ್ತಿದ್ದ ಹಾಗೆಯೇ, ಕಿಟಕಿ ತಟ್ಟುತ್ತಾ ಕೂಗಿದೆ.

‘ನಂಗೆ ಕಿವಿ ಕೇಳಲ್ಲ ಮಾರಾಯ್ರೆ! ಇನ್ನೊಂದ್ಸಲ ಹೇಳಿ!’

ಬಸ್ಸು ಹೊರಟುಹೋಯಿತು.